ಮಾರುತ್‌ಗೆ ಸೂರು ಬೇಡ್ವಾ?

ಮೊನ್ನೆ ಗಾಂಧಿ ಬಜಾರ್‌ನಲ್ಲಿ ಕಾಫಿ ಕುಡಿಯುವಾಗ ಹಿರಿಯರೊಬ್ಬರು ಕೇಳಿದರು: "ಏನ್ರೀ, ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್ ವಿಮಾನ ಬಿಸಿಲು ಮಳೆಗೆ ನಿಂತಿದೆಯಲ್ಲ, ಅದಕ್ಕೊಂದು ಸೂರು ಬೇಡ್ವಾ?"

ನ್ಯಾಯವಾದ ಪ್ರಶ್ನೆ. ಮಾರುತ್ ನಮ್ಮ ಬೆಂಗಳೂರಿನಲ್ಲೇ ತಯಾರಾದ ಯುದ್ಧವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದ ವಿನ್ಯಾಸ. ಮೊದಲು ಹಾರಿದ್ದು 1961ರ ಜೂನ್‌ನಲ್ಲಿ. ಸಂದಿಗಳಲ್ಲಿ ಮಳೆನೀರು ನಿಂತರೆ ಲೋಹ ಸವೆಯುತ್ತೆ. ಬಿಸಿಲಿಗೆ ಟೈರ್ ಬಿರಿಯುತ್ತೆ, ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ ಮಂಕಾಗುತ್ತೆ.

ಹಾಗಂತ ಕಟ್ಟಡ ಕಟ್ಟಿದರೆ ಎಲ್ಲರಿಗೂ ಖುಷಿನಾ? ಇಲ್ಲ. ಬ್ರಿಟನ್ನಿನ ಕಾಸ್ಫರ್ಡ್ ಮ್ಯೂಸಿಯಂನಲ್ಲಿ 2007ರಲ್ಲಿ ಶೀತಲ ಸಮರದ ವಿಮಾನಗಳಿಗೆಂದೇ ಹೊಸ ಕಟ್ಟಡ ಬಂತು. ಅಲ್ಲಿ ಲೈಟ್ನಿಂಗ್ ಜೆಟ್ ಒಂದನ್ನು ಮೂತಿ ಮೇಲೆ ಮಾಡಿ ನೇತುಹಾಕಿದ್ದಾರೆ. ನೋಡಿದವರಲ್ಲಿ ಕೆಲವರಿಗೆ ಅದು ಅದ್ಭುತ. ಇನ್ನು ಕೆಲವರಿಗೆ ಒತ್ತೊತ್ತಾಗಿ ತುರುಕಿದ ಗೋದಾಮು, ಯಾವ ವಿಮಾನವೂ ಪೂರ್ತಿ ಕಾಣೋದಿಲ್ಲ ಅನ್ನೋ ದೂರು.

ಮ್ಯೂಸಿಯಂ ಕಟ್ಟಡಕ್ಕೆ ಇರೋದು ಎರಡೇ ಕೆಲಸ: ಉಳಿಸೋದು, ತೋರಿಸೋದು. ಒಂದಕ್ಕಾಗಿ ಇನ್ನೊಂದನ್ನು ಬಿಡುವಂತಿಲ್ಲ. ಮಾರುತ್‌ಗೆ ಅರಮನೆ ಬೇಡ. ತಲೆ ಮೇಲೊಂದು ಚಾವಣಿ, ಸುತ್ತಲೂ ನಡೆದು ನೋಡಲು ಜಾಗ, ಅಷ್ಟು ಸಾಕು. ನಮ್ಮೂರಲ್ಲಿ ಹುಟ್ಟಿದ ವಿಮಾನವನ್ನು ಮೊಮ್ಮಕ್ಕಳು ಬರೀ ಫೋಟೋದಲ್ಲಿ ನೋಡುವಂತಾಗಬಾರದು.