ಒಣ ಕಡ್ಡಿಯ ಗೆರೆ

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆ ಹೊರಟರೆ ಕಣ್ಣು ಹಾಯಿಸಿದಲ್ಲೆಲ್ಲ ಬಂಡೆಗುಡ್ಡ. ಅದನ್ನು ಮಸಿಯಲ್ಲಿ ಬಿಡಿಸಲು ಕೂತವರು ಮೊದಲು ಮಾಡುವ ತಪ್ಪೆಂದರೆ, ಒಂದೊಂದು ಗುಂಡಿನ ಸುತ್ತಲೂ ಒಂದೇ ದಪ್ಪದ ಗೆರೆ ಎಳೆಯುವುದು. ಆಗ ಗುಡ್ಡ ಹೋಗಿ ಸಂತೆಯ ಆಲೂಗಡ್ಡೆ ರಾಶಿ ಉಳಿಯುತ್ತದೆ.

ಇದಕ್ಕೆ ಮದ್ದು ಸಿಗುವುದು ಗುಡ್ಡಗಳೇ ಅಪರೂಪವಾದ ಹಾಲೆಂಡಿನವರ ಬಳಿ! 17ನೇ ಶತಮಾನದಲ್ಲಿ ರೆಂಬ್ರಾಂಟ್ ಆಮ್‌ಸ್ಟರ್‌ಡ್ಯಾಮ್ ಸುತ್ತಲಿನ ಬಯಲು, ಕಾಲುವೆ, ಹುಲ್ಲು ಹೊದಿಸಿದ ಮನೆಗಳನ್ನು ಬಿಡಿಸಿದ. ಹಕ್ಕಿಗರಿಯ ಲೇಖನಿಯ ಜೊತೆಗೆ ಲಾಳದ ಕಡ್ಡಿಯನ್ನೂ ಬಳಸಿದ. 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿದ್ದ ವ್ಯಾನ್ ಗೋ ಅಲ್ಲಿನ ಲಾಳದ ಕಡ್ಡಿಯನ್ನೇ ಕೊಯ್ದು ಬರೆದ. ನಮ್ಮ ಶಾನುಭೋಗರ ಲೆಕ್ಕಣಿಕೆಯ ದಾಯಾದಿ ಅದು.

ಲಾಳದ ಕಡ್ಡಿ ಮಸಿಯನ್ನು ಬಹಳ ಹೊತ್ತು ಹಿಡಿದಿಡುವುದಿಲ್ಲ. ಅದ್ದಿದ ಕೂಡಲೇ ಗೆರೆ ದಟ್ಟ. ನಾಲ್ಕಾರು ಸಲ ಎಳೆಯುವಷ್ಟರಲ್ಲಿ ಒಣಗಿ ಒರಟಾಗುತ್ತದೆ, ಕಾಗದದ ತರಿ ನಡುನಡುವೆ ಬೆಳ್ಳಗೆ ಇಣುಕುತ್ತದೆ. ಕಲಿಯುವವರು ಆಗ ಮತ್ತೆ ದೌತಿಗೆ ಕೈ ಹಾಕುತ್ತಾರೆ. ಹಾಕಬೇಡಿ. ಕಲ್ಲಿನ ಮೈ ಮೂಡುವುದೇ ಆ ಒಣ ಗೆರೆಯಲ್ಲಿ. ಬಂಡೆಯ ಉಬ್ಬು ಬಾಗಿದತ್ತಲೇ ಗೀಟುಗಳನ್ನೂ ಬಾಗಿಸಿ, ನೆರಳಿನಲ್ಲಿ ಒತ್ತಾಗಿ ಹಾಕಿ. ಬಿಸಿಲು ಬಿದ್ದ ನೆತ್ತಿಯಲ್ಲಿ ಗೆರೆಯನ್ನೇ ಬಿಟ್ಟುಬಿಡಿ, ಕಣ್ಣು ತಾನೇ ಕೂಡಿಸಿಕೊಳ್ಳುತ್ತದೆ. ನಡುಹಗಲಲ್ಲಿ ಕೂತರೆ ನೆರಳೇ ಸಿಗದು, ಬೆಳಗಿನ ಹೊತ್ತು ಮೇಲು.

ಕೆ.ಕೆ. ಹೆಬ್ಬಾರರ (1911–1996) ಕುಣಿಯುವ ರೇಖೆಯನ್ನು ಮೆಚ್ಚಿದವರಿಗೆ ಈ ತುಂಡುತುಂಡು ಗೆರೆ ರುಚಿಸದಿರಬಹುದು. ಕುಣಿಯುವ ಮೈಗೆ ಹರಿಯುವ ಗೆರೆಯೇ ಸರಿ. ಕೂತಲ್ಲೇ ಕೂತ ಬಂಡೆಗೆ ಅದು ಒಗ್ಗದು.

ಇನ್ನು ದೂರ. ಆರ್ಲ್ ಸಮೀಪದ ಲಾ ಕ್ರೋ ಬಯಲನ್ನು ಮೊಂಮಜೂರ್ ಗುಡ್ಡದ ಮೇಲಿಂದ ಬಿಡಿಸಿದಾಗ ವ್ಯಾನ್ ಗೋ ಹತ್ತಿರದ ಹುಲ್ಲಿಗೆ ದಪ್ಪ ಗೀಟು ಹಾಕಿದ, ಹಿಂದಕ್ಕೆ ಹೋದಂತೆ ಅದನ್ನು ಗಿಡ್ಡ ಮಾಡಿದ, ಕೊನೆಗೆ ಚುಕ್ಕಿಯಾಗಿಸಿದ. ಬಣ್ಣವಿಲ್ಲದೆಯೇ ಬಯಲು ಹಿಂದೆ ಸರಿಯಿತು. ಹಡಗಲಿಯ ಎರೆಹೊಲದಲ್ಲಿ ಇದನ್ನು ಮಾಡಿ ನೋಡಿ: ಕಾಲ ಬುಡದ ಬಿರುಕಿಗೆ ಅಂಕುಡೊಂಕು ಗೆರೆ, ಜೋಳಕ್ಕೆ ನೆಟ್ಟಗಿನ ಹಸಿ ಗೀಟು, ಆಚೆಯ ಜಾಲಿಗೆ ಗೀಚು, ದಿಗಂತಕ್ಕೆ ಬರೀ ಚುಕ್ಕಿ.

ಲಾಳದ ಕಡ್ಡಿ ಸಿಗದಿದ್ದರೆ ತೆಳ್ಳನೆಯ ಬಿದಿರಾದೀತು. ಓರೆಯಾಗಿ ಕೊಯ್ದು, ತುದಿಯನ್ನು ನಡುವೆ ಸೀಳಿ. ಮಸಿ ಮಾತ್ರ ನೋಡಿ ಆರಿಸಿ. ವ್ಯಾನ್ ಗೋನ ಹಲವು ಚಿತ್ರಗಳ ಕಪ್ಪು ಈಗ ಕಂದಿದೆ. ದೀಪದ ಕಾಡಿಗೆಯ ಮಸಿ ಹಾಗೆ ಕಂದುವುದಿಲ್ಲ. ಅದಕ್ಕೆ ಬೆರೆಸುವ ಅಂಟು ಹೆಚ್ಚಾದರೆ ಕಡ್ಡಿಯ ಸೀಳು ಕಟ್ಟಿಕೊಳ್ಳುತ್ತದೆ, ಕೆಲಸ ಮುಗಿದ ಕೂಡಲೇ ತೊಳೆದಿಡಿ.