ವೆಬ್ ವಿನ್ಯಾಸ: ತಂತ್ರ ಬದಲಾದರೂ ಕೆಲಸ ಉಳಿಸಿಕೊಳ್ಳುವುದು ಹೇಗೆ?

ಸಂಖ (ಜತ್ತ ತಾಲೂಕು): ನಮ್ಮ ಗಡಿಭಾಗದಲ್ಲಿ ಎಮ್‌ಎಸ್-ಸಿಐಟಿ ಮುಗಿಸಿ, ಮುಂದೆ ಸಾಂಗಲಿ, ಮಿರಜ ಇಲ್ಲವೆ ವಿಜಯಪುರಕ್ಕೆ ಹೋಗಿ ವೆಬ್ ಡಿಸೈನಿಂಗ್ ಕಲಿಯುವ ಮಕ್ಕಳಿದ್ದಾರೆ. ಹೊಲ ಮಾರಿಯೋ ಸಾಲ ತಂದೋ ಶುಲ್ಕ ಕಟ್ಟುವ ಹೆತ್ತವರ ಪ್ರಶ್ನೆ ಒಂದೇ. ದಿನಕ್ಕೊಂದು ರೂಪ ತಾಳುವ ಈ ವಿದ್ಯೆಯನ್ನು ನಂಬಿ ಬಾಳುವೆ ನಡೆದೀತೇ? ಇದಕ್ಕೆ ಉತ್ತರ ಕನ್ನಡ ವೆಬ್ ಪುಟಗಳ ಇತಿಹಾಸದಲ್ಲೇ ಇದೆ.

ಫಾಂಟಿನ ಕಾಲ

ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಕಂಪ್ಯೂಟರಿನಲ್ಲಿ ಕನ್ನಡ ಬೆಳೆದದ್ದು ಇವುಗಳ ಬಲದಿಂದ. ಆದರೆ ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ ಪರದೆಯ ಮೇಲೆ 'ಕ' ಕಂಡರೂ ಕಡತದೊಳಗೆ ಇದ್ದದ್ದು ಇಂಗ್ಲಿಷಿನ 'ಪಿ'. ಓದುಗನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಮರಾಠಿ ಪುಟಗಳ ಪಾಡೂ ಇದೇ ಆಗಿತ್ತು.

ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಕೊಡುವ ಯುನಿಕೋಡ್ ಈ ತೊಡಕನ್ನು ಬಿಡಿಸಿತು. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನ ಜೊತೆಗೆ 'ತುಂಗಾ' ಫಾಂಟನ್ನು ತಂದಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಯುನಿಕೋಡಿನಲ್ಲಿ ಬರೆದ ಪುಟಗಳು ಇಂದಿಗೂ ಯಾವ ಮೊಬೈಲಿನಲ್ಲಾದರೂ ತೆರೆಯುತ್ತವೆ. ಹಳೆಯ ಫಾಂಟಿನ ಪುಟಗಳನ್ನು ಪರಿವರ್ತಕದ ಮೂಲಕ ಒಂದೊಂದಾಗಿ ಉಳಿಸಿಕೊಳ್ಳಬೇಕಾಯಿತು.

ಹೋದದ್ದು, ಉಳಿದದ್ದು

ಒಂದು ಕಾಲಕ್ಕೆ ಫ್ಲ್ಯಾಶ್ ಬಾರದವನು ಡಿಸೈನರನೇ ಅಲ್ಲ ಎನ್ನುತ್ತಿದ್ದರು. 2007ರಲ್ಲಿ ಬಂದ ಐಫೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶಿನ ಆಟ ಮುಗಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನಿನಲ್ಲಿ ನಿವೃತ್ತಿಯಾಯಿತು. ಇವೆರಡನ್ನೇ ನೆಚ್ಚಿಕೊಂಡವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಎಚ್‌ಟಿಎಮ್‌ಎಲ್ ಮತ್ತು ಸಿಎಸ್‌ಎಸ್ ಬಲ್ಲವರಿಗೆ ಹಾಗಾಗಲಿಲ್ಲ. ಅವೂ ಬೆಳೆದಿವೆ, ಆದರೆ ಹಳೆಯ ಕಲಿಕೆಯ ಮೇಲೆಯೇ ಹೊಸದು ಕೂಡಿಕೊಂಡಿದೆ.

ಪರದೆಯ ಅಗಲಕ್ಕೆ ತಕ್ಕಂತೆ ಪುಟ ಹೊಂದಿಕೊಳ್ಳುವ ಪದ್ಧತಿಗೆ 2010ರಲ್ಲಿ ಈಥನ್ ಮಾರ್ಕೋಟ್ 'ರೆಸ್ಪಾನ್ಸಿವ್' ಎಂದು ಹೆಸರಿಟ್ಟರು. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಮೊದಲು ನೋಡಿ ದಾಖಲಿಸುತ್ತದೆ. ಹಾಗಾಗಿ ಪುಟವನ್ನು ಕಡಿಮೆ ಬೆಲೆಯ ಫೋನಿನಲ್ಲಿ, ಸಿಗ್ನಲ್ ಸರಿಯಿಲ್ಲದ ಕಡೆ ತೆರೆದು ನೋಡುವುದು ಡಿಸೈನರನ ಮೊದಲ ಪರೀಕ್ಷೆ. ಅದಕ್ಕೆ ನಮ್ಮ ಊರುಗಳಿಗಿಂತ ಒಳ್ಳೆಯ ಜಾಗ ಬೇಕೇ?

ಎರಡು ಲಿಪಿಯ ಲಾಭ

ಗಡಿನಾಡಿನವರಿಗೆ ಇಲ್ಲಿ ಒಂದು ಬಂಡವಾಳವಿದೆ. ನಮ್ಮಲ್ಲಿ ಸಾತಬಾರಾ ಉತಾರೆ ಮರಾಠಿಯಲ್ಲಿ, ಗಡಿಯಾಚೆ ಜಮೀನಿದ್ದರೆ ಅದರ ಪಹಣಿ ಕನ್ನಡದಲ್ಲಿ. ಎರಡನ್ನೂ ಓದಬಲ್ಲ ಡಿಸೈನರನಿಗೆ ಮಾತ್ರ ಕಣ್ಣಿಗೆ ಬೀಳುವ ಸಂಗತಿಗಳಿವೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಇಕ್ಕಟ್ಟಾದ ಸಾಲಿನಲ್ಲಿ ಅದು ಕೆಳಗಿನ ಕೊಂಬು, ಗುಣಿಸುಗಳಿಗೆ ತಾಗುತ್ತದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆಯಾಗಬಾರದು. ಮರಾಠಿಯಲ್ಲಿ ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಶಿರೋರೇಖೆಯೇ ತುಂಡಾಗುತ್ತದೆ. ಯಾವ ಭಾಗ ಯಾವ ಭಾಷೆ ಎಂದು ಕೋಡಿನಲ್ಲಿ ಗುರುತು ಹಾಕಿದರೆ, ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶ ಸರಿಯಾದ ಉಚ್ಚಾರ ಬಳಸಬಲ್ಲದು.

ಇನ್ನೊಂದು ಮಾತು. ಸೂಚನೆ, ಜಾಹೀರಾತುಗಳನ್ನು ಚಿತ್ರವಾಗಿ ಮಾಡಿ ಪುಟಕ್ಕೆ ಅಂಟಿಸುವ ರೂಢಿ ಬಿಡಬೇಕು. ಚಿತ್ರದೊಳಗಿನ ಅಕ್ಷರ ಚೆನ್ನಾಗಿ ಕಾಣುತ್ತದೆ, ಆದರೆ ಹುಡುಕಿದಾಗ ಸುಲಭವಾಗಿ ಸಿಗುವುದಿಲ್ಲ. ಇದು ಫಾಂಟಿನ ಕಾಲದ ತಪ್ಪೇ ಮತ್ತೊಂದು ವೇಷದಲ್ಲಿ ಬಂದಂತೆ.

ಯಂತ್ರವೇ ಬರೆದರೆ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಬಾಯಿಮಾತಿನಲ್ಲಿ ಹೇಳಿದರೂ ಪುಟದ ಕೋಡ್ ಸಿದ್ಧವಾಗುತ್ತದೆ. ಸಿದ್ಧ ಮಾದರಿಗೆ ಹೆಸರು, ಬಣ್ಣ ಬದಲಿಸಿ ಕೊಡುವ ಕೆಲಸಕ್ಕೆ ಮೊದಲಿನ ಬೆಲೆ ಇರಲಾರದು. ಆದರೆ ಯಂತ್ರ ಕೊಟ್ಟದ್ದರಲ್ಲಿ ಒತ್ತಕ್ಷರ ಕತ್ತರಿಸಿದೆಯೇ, ಮರಾಠಿ ಮಾತಿಗೆ ಕನ್ನಡದ ಅರ್ಥ ಸರಿಯಿದೆಯೇ, ದ್ರಾಕ್ಷಿ ಬೆಳೆಗಾರನಿಗೆ ಬೇಕಾದ ದರ ಮೊದಲ ಪರದೆಯಲ್ಲೇ ಕಾಣುತ್ತದೆಯೇ ಎಂದು ನೋಡುವವರು ಬೇಕೇ ಬೇಕು.

ಆದ್ದರಿಂದ ಮಕ್ಕಳನ್ನು ತರಗತಿಗೆ ಸೇರಿಸುವ ಮುನ್ನ ಹೆತ್ತವರು ಸಂಸ್ಥೆಯವರಿಗೆ ಒಂದು ಪ್ರಶ್ನೆ ಹಾಕಲಿ: ಒಂದು ತಂತ್ರಾಂಶದ ಗುಂಡಿ ಒತ್ತುವುದನ್ನಷ್ಟೇ ಕಲಿಸುತ್ತೀರೋ, ಎಚ್‌ಟಿಎಮ್‌ಎಲ್, ಸಿಎಸ್‌ಎಸ್, ಯುನಿಕೋಡನ್ನು ಬುಡದಿಂದ ಕಲಿಸುತ್ತೀರೋ? ಶುಲ್ಕ ಕಟ್ಟುವುದು ಉತ್ತರ ಕೇಳಿದ ಮೇಲಾಗಲಿ.