ಒಬ್ಬಟ್ಟು ಯಲಹಂಕದಲ್ಲಿ, ಲೈಕು ಲಕ್ನೋದಲ್ಲಿ

ಯಲಹಂಕ ನ್ಯೂ ಟೌನ್‌ನಲ್ಲಿ ಒಬ್ಬರು ಮನೆಯಲ್ಲೇ ಒಬ್ಬಟ್ಟು, ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಾರೆ ಅಂತಿಟ್ಟುಕೊಳ್ಳಿ. ಅವರ ರೀಲ್ ಅನ್ನು ಐವತ್ತು ಸಾವಿರ ಜನ ನೋಡಿದರೂ ಸಂಜೆ ಹೊತ್ತಿಗೆ ಎರಡೇ ಆರ್ಡರ್ ಬಂದಿರಬಹುದು. ನೋಡಿದವರೆಲ್ಲ ಲಕ್ನೋದಲ್ಲಿದ್ದರೆ ಒಬ್ಬಟ್ಟು ಕೊಳ್ಳುವವರು ಯಾರು? ಯಲಹಂಕದಿಂದ ಆರ್.ಟಿ. ನಗರ ಹತ್ತು ಕಿಲೋಮೀಟರ್ ಆಸುಪಾಸು, ನಡುವೆ ಹೆಬ್ಬಾಳ ಜಂಕ್ಷನ್. ಸಂಜೆ ಆರೂವರೆಗೆ ಅರ್ಧ ಕಿಲೋ ಕೋಡುಬಳೆಗಾಗಿ ಅದನ್ನು ದಾಟಿ ಬರುವ ಗಿರಾಕಿ ಇನ್ನೂ ಹುಟ್ಟಬೇಕು. ಹಾಗಾಗಿ ಅಟ್ಟೂರು, ಕೋಗಿಲು, ಜಕ್ಕೂರಿನವರ ಫೋನಿನಲ್ಲಿ ಕಾಣಿಸಿಕೊಳ್ಳುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ.

ಮೊದಲ ಕೆಲಸ ಇನ್‌ಸ್ಟಾಗ್ರಾಂ ಅಲ್ಲ, ಗೂಗಲ್ ಬಿಸಿನೆಸ್ ಪ್ರೊಫೈಲ್. ಇದಕ್ಕೆ ದುಡ್ಡಿಲ್ಲ. ಇನ್‌ಸ್ಟಾಗ್ರಾಂ ನೋಡುವವರು ಹೊತ್ತು ಕಳೆಯಲು ಬಂದಿರುತ್ತಾರೆ. ಮ್ಯಾಪ್‌ನಲ್ಲಿ ಹುಡುಕುವವರಿಗೆ ಆ ಪದಾರ್ಥವೇ ಬೇಕಿರುತ್ತದೆ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರವಿದೆ, ಎಷ್ಟು ಹೆಸರಾಗಿದೆ ಎಂಬ ಮೂರನ್ನು ನೋಡಿ ಗೂಗಲ್ ಅಂಗಡಿಗಳನ್ನು ಮೇಲೆ ಕೆಳಗೆ ಮಾಡುತ್ತದೆ. ಮನೆಯಿಂದಲೇ ವ್ಯಾಪಾರ ಮಾಡಿ ತಲುಪಿಸುವವರು ವಿಳಾಸ ಮರೆಮಾಡಿ, ತಾವು ಹೋಗುವ ಬಡಾವಣೆಗಳನ್ನಷ್ಟೇ ನಮೂದಿಸಬಹುದು; 20 ಜಾಗಗಳವರೆಗೆ ಅವಕಾಶವಿದೆ. ಅಂಗಡಿಯ ಹೆಸರಿನ ಜಾಗದಲ್ಲಿ ‘ಯಲಹಂಕದ ನಂಬರ್ ಒನ್ ಒಬ್ಬಟ್ಟು’ ಎಂದೆಲ್ಲ ತುರುಕಬೇಡಿ. ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ಅಮಾನತಾಗಬಹುದು. ರಿವ್ಯೂ ಬರೆಯಿರಿ ಎಂದು ಕೇಳಬಹುದು, ಆದರೆ ಬರೆದವರಿಗೆ ಹತ್ತು ಪರ್ಸೆಂಟ್ ರಿಯಾಯಿತಿ ಕೊಡುತ್ತೇವೆ ಎನ್ನುವಂತಿಲ್ಲ.

ಇನ್ನು ವಾಟ್ಸ್ಆ್ಯಪ್ ಬಿಸಿನೆಸ್. ಭಾರತಕ್ಕೆ 2018ರಲ್ಲಿ ಬಂದ ಈ ಆ್ಯಪ್ ಅನ್ನು ನಮ್ಮವರು ಇನ್ನೂ ‘ಗುಡ್ ಮಾರ್ನಿಂಗ್’ ಕಳಿಸಲು ಬಳಸುತ್ತಾರೆ. ಅದರ ಕ್ಯಾಟಲಾಗ್‌ನಲ್ಲಿ ಫೋಟೊ ಜೊತೆಗೆ ಬೆಲೆ ಹಾಕಿ. ‘ಬೆಲೆಗಾಗಿ ಮೆಸೇಜ್ ಮಾಡಿ’ ಎಂದು ಬರೆಯುವುದರಷ್ಟು ಗಿರಾಕಿಯನ್ನು ಓಡಿಸುವ ಉಪಾಯ ನನಗೆ ಬೇರೊಂದು ಕಂಡಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಮಂದಿಯನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಡಬ್ಬಿ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ ಮೇಡಂ, ಹಬ್ಬಕ್ಕೆ ಮುಂಚೆ ತಿಳಿಸ್ತೀವಿ’ ಅಂದುಬಿಡಿ.

ಉತ್ತರಿಸುವ ರೀತಿಯೂ ಪ್ರಚಾರವೇ. ‘ಶನಿವಾರಕ್ಕೆ 25 ಒಬ್ಬಟ್ಟು ಸಿಗುತ್ತಾ?’ ಎಂದು ಕೇಳಿದವರಿಗೆ ಬರೀ ‘ಸಿಗುತ್ತೆ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಸಿಗುತ್ತೆ ಮೇಡಂ. ಬೇಳೆದೋ ಕಾಯಿದೋ? ಬೆಳಿಗ್ಗೆ ಹತ್ತಕ್ಕೆ ಬಿಸಿಯಾಗಿ ಕೊಡ್ತೀವಿ. ಯಾವ ಲೇಔಟ್?’ ಎಂದು ಕೇಳಿದರೆ ಮುಂದಿನ ಮೆಸೇಜ್‌ನಲ್ಲಿ ವಿಳಾಸವೇ ಬರುತ್ತದೆ.

ರೀಲ್ ಬೇಡವೆಂದಲ್ಲ. ಕಣಕದೊಳಗೆ ಹೂರಣ ತುಂಬುವ ಕೈ, ಕಾವಲಿಯ ಮೇಲೆ ಉಬ್ಬುವ ಒಬ್ಬಟ್ಟು, ತುಪ್ಪದ ಸದ್ದು: ಇಪ್ಪತ್ತು ಸೆಕೆಂಡಿಗೆ ಅಷ್ಟು ಸಾಕು, ಸಿನಿಮಾ ಹಾಡು ಬೇಕಿಲ್ಲ. ದುಡ್ಡು ಕೊಟ್ಟು ಬೂಸ್ಟ್ ಮಾಡುವಾಗ ಮಾತ್ರ ಜಾಗದ ಆಯ್ಕೆ ಇಡೀ ಬೆಂಗಳೂರಾಗದಂತೆ ನೋಡಿಕೊಳ್ಳಿ. ನಕ್ಷೆಯಲ್ಲಿ ಮನೆ ಗುರುತಿಸಿ ಸುತ್ತ ನಾಲ್ಕೈದು ಕಿಲೋಮೀಟರಿನ ವೃತ್ತ ಎಳೆಯಿರಿ.

ಫೋನಿನ ಆಚೆಗೂ ಕೆಲಸವಿದೆ. ಅಪಾರ್ಟ್‌ಮೆಂಟ್ ಸಂಘದವರನ್ನು ಕೇಳಿ ಭಾನುವಾರ ಒಂದು ಮೇಜು ಹಾಕಿದರೆ, ರುಚಿ ನೋಡಿದವರೇ ಮುಂದೆ ಗ್ರೂಪಿನಲ್ಲಿ ನಿಮ್ಮ ನಂಬರ್ ಹಂಚುತ್ತಾರೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಕೇಂದ್ರದಲ್ಲಿ ಕಲಿತಿದ್ದರೆ ಅದನ್ನು ಪರಿಚಯದಲ್ಲಿ ಬರೆಯಿರಿ, ಸುತ್ತಲಿನವರಿಗೆ ಗೊತ್ತಿರುವ ಹೆಸರದು. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೀಡಿದ 14 ಅಂಕಿಯ ಸಂಖ್ಯೆ ಇರಲಿ. ಅಂಗಡಿ ಇದ್ದವರ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯೇ ಹೇಳುತ್ತದೆ. ಕರೆಂಟು ಕಂಬಕ್ಕೆ ಫ್ಲೆಕ್ಸ್ ಕಟ್ಟುವ ಹಳೇ ಚಾಳಿ ಮಾತ್ರ ಬೇಡ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆಯವರು ಅವನ್ನು ರಾಶಿರಾಶಿಯಾಗಿ ಕಿತ್ತುಹಾಕಿದ್ದರು.

ಹೊಸಬರು ಬಂದಾಗಲೆಲ್ಲ ‘ನಮ್ಮ ಬಗ್ಗೆ ಎಲ್ಲಿ ಗೊತ್ತಾಯ್ತು?’ ಎಂದು ಕೇಳಿ ಪುಸ್ತಕದಲ್ಲಿ ಗೀಚಿಕೊಳ್ಳಿ. 500 ರೂಪಾಯಿ ಜಾಹೀರಾತಿಗೆ ನಾಲ್ಕು ಆರ್ಡರ್ ಬಂದವು ಅಂದುಕೊಳ್ಳೋಣ. ಒಬ್ಬೊಬ್ಬ ಗಿರಾಕಿಗೆ 125 ರೂಪಾಯಿ ಬಿತ್ತು. ಆರ್ಡರಿಗೆ ಉಳಿಯುವುದು 80 ಆದರೆ ಮೊದಲ ಸಲ ನಷ್ಟವೇ. ಅವರು ಎರಡನೇ ಸಲ ಬಂದರೆ ಲೆಕ್ಕ ನೆಟ್ಟಗಾಗುತ್ತದೆ. ಬಾರದಿದ್ದರೆ ಜಾಹೀರಾತಿಗಿಂತ ಮೊದಲು ಹೂರಣವನ್ನು ನೋಡಿಕೊಳ್ಳಬೇಕು. ಯುಗಾದಿ, ಗೌರಿ ಹಬ್ಬಗಳಿಗೆ ಹತ್ತು ದಿನ ಮುಂಚೆಯೇ ಆರ್ಡರ್ ತೆರೆಯಿರಿ. ಕೈಗೆ ನಿಲುಕುವಷ್ಟು ತುಂಬಿದೊಡನೆ ಜಾಹೀರಾತು ನಿಲ್ಲಿಸಿ, ‘ಹಬ್ಬದ ಆರ್ಡರ್ ಮುಗಿದಿದೆ, ಸೋಮವಾರದಿಂದ ಮತ್ತೆ ಸಿಗುತ್ತೆ’ ಎಂದು ಸ್ಟೇಟಸ್ ಹಾಕಿ.